ಅರ್ಧ ಬಾಗಿಲಿನ ಫೋಟೋ

ನನ್ನ ಫೋನಿನ ಗ್ಯಾಲರಿಯಲ್ಲಿ ಇವತ್ತಿಗೆ 11,000ಕ್ಕೂ ಹೆಚ್ಚು ಫೋಟೋ ಇವೆ. ಅದರಲ್ಲಿ ನಮ್ಮ ಎಮ್ಮೆಯದ್ದೇ ಒಂದು ಇನ್ನೂರು ಇರಬಹುದು, ಸುಳ್ಳಲ್ಲ. ಆದರೆ ನಮ್ಮ ಅವ್ವನ ತವರುಮನೆಯದ್ದು ಎಷ್ಟಿವೆ ಗೊತ್ತಾ? ಒಂದೇ ಒಂದು. ಅದೂ ಮನೆಯ ಫೋಟೋ ಅಲ್ಲ, ಅವ್ವ ಅಪ್ಪನ ಮದುವೆ ಫೋಟೋ. 1994ರದ್ದು, ಕಪ್ಪು ಬಿಳುಪು. ಇಬ್ಬರೂ ಬಾಸಿಂಗ ಕಟ್ಟಿಕೊಂಡು ಗಂಭೀರವಾಗಿ ನಿಂತಿದ್ದಾರೆ. ಅವ್ವನ ಎಡಗಡೆ ಭುಜದ ಹಿಂದೆ ಒಂದು ಕದ ಕಾಣುತ್ತದೆ. ಅದೂ ಅರ್ಧ. ಉಳಿದದ್ದು ಫ್ರೇಮಿನ ಆಚೆ.

ಆ ಕದ ಈಗ ಎಲ್ಲೂ ಇಲ್ಲ. ಅವ್ವನ ಊರು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ, ಕೃಷ್ಣಾ ನದಿ ದಂಡೆಯ ಮೇಲಿತ್ತು. ಆಲಮಟ್ಟಿಯಲ್ಲಿ 519.6 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸಬಹುದು ಅಂತ 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಾದ ಮೇಲೆ ಹಿನ್ನೀರು ಏರಿತು, ಊರು ಮುಳುಗಿತು. ಜನ ಪುನರ್ವಸತಿ ಕೇಂದ್ರಕ್ಕೆ ಹೋದರು. ನಾನು ಹುಟ್ಟಿದ್ದು ಆಮೇಲೆ. ಹಾಗಾಗಿ ಆ ಊರು ನನಗೆ ಅವ್ವನ ಬಾಯಿಂದ ಕೇಳಿದ ಕಥೆ, ಮತ್ತೆ ಆ ಅರ್ಧ ಬಾಗಿಲು. ಇಷ್ಟೇ.

ಈ ಸಂಚಿಕೆ ಫೋಟೋ ಬಗ್ಗೆ. ನಮ್ಮ ಜಿಲ್ಲೆಗೆ ಕ್ಯಾಮೆರಾ ಮೊದಲು ಯಾವಾಗ ಬಂತು, ಏನು ನೋಡಿತು, ಯಾರನ್ನು ನೋಡಲಿಲ್ಲ ಅನ್ನೋದರ ಬಗ್ಗೆ. ನಡುನಡುವೆ ನಾನು ಫೋಟೋ ತೆಗೆಯೋದು ಕಲಿತ ಕಥೆಯೂ ಬರುತ್ತದೆ. ಎರಡನ್ನೂ ಬೇರೆ ಮಾಡೋಕೆ ನನಗೆ ಆಗಲಿಲ್ಲ.

ನಾನು ಕಲಿತದ್ದು ಮೊದಲು ಸಿಂದಗಿಯ ಒಂದು ಸ್ಟುಡಿಯೋದಲ್ಲಿ. ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದೆ, ಫೋಟೋಗ್ರಫಿ ಅಂತ ಒಂದು ಪೇಪರ್ ಇತ್ತು. ಕ್ಲಾಸಿನಲ್ಲಿ ಅಪರ್ಚರ್, ಶಟರ್ ಸ್ಪೀಡ್, ಐಎಸ್ಒ ಅಂತ ನೋಟ್ಸ್ ಬರೆಸುತ್ತಿದ್ದರು. ಕ್ಯಾಮೆರಾ ಮಾತ್ರ ಬೀರುವಿನೊಳಗೆ ಇರುತ್ತಿತ್ತು. ಅದಕ್ಕೇ ರಜೆಯಲ್ಲಿ ಸಿಂದಗಿಗೆ ಹೋಗಿ, ಪಾಸ್‌ಪೋರ್ಟ್ ಫೋಟೋ ಕತ್ತರಿಸುವ ಕೆಲಸಕ್ಕೆ ಕೂತೆ. ಸ್ಟುಡಿಯೋ ಕಾಕಾನಿಗೆ ಎಪ್ಪತ್ತು ದಾಟಿದೆ. ಮೊದಲ ದಿನ ನನ್ನ ಫೋನಿನ ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿದರು. ಗೋಳಗುಮ್ಮಟದ ಹಿಂದೆ ಸೂರ್ಯ ಮುಳುಗೋದು, ಜೋಳದ ಹೊಲದ ಹಿಂದೆ ಸೂರ್ಯ ಮುಳುಗೋದು, ಕೆರೆಯಲ್ಲಿ ಸೂರ್ಯ ಮುಳುಗೋದು. "ಮಂದಿ ಎಲ್ಲದಾರವಾ ಇದರಾಗ?" ಅಂತ ಕೇಳಿದರು. ನನಗೆ ಸಿಟ್ಟು ಬಂತು. ನಾಲ್ಕುನೂರು ಲೈಕ್ ಬಂದ ಫೋಟೋ ಅದು!

ಕಾಕಾ ಪಾಠ ಮಾಡೋರಲ್ಲ. ಒಂದು ಮಾತು ಮಾತ್ರ ಪದೇ ಪದೇ ಹೇಳೋರು: "ಮೊದಲ ಬೆಳಕು ಎಲ್ಲಿಂದ ಬರ್ತದ ನೋಡು. ಮಾರಿ ಆಮ್ಯಾಲೆ." ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನದ ಬಿಸಿಲು ನಿಮಗೆ ಗೊತ್ತಲ್ಲ, ತಲೆಯ ಮೇಲಿಂದ ಸುರಿಯುತ್ತೆ. ಕಣ್ಣಿರುವ ಜಾಗದಲ್ಲಿ ಎರಡು ಕಪ್ಪು ಗುಂಡಿ ಬಿಟ್ಟರೆ ಏನೂ ಕಾಣಲ್ಲ. ಪಡಸಾಲೆಯ ಕಂಬದ ಹತ್ತಿರ, ಒಂದು ಹೆಜ್ಜೆ ಒಳಗೆ ನಿಲ್ಲಿಸಿದರೆ ಅದೇ ಮುಖ ಅರಳುತ್ತದೆ. ಅಂಗಳದ ಬಿಸಿಲು ನೆಲಕ್ಕೆ ಬಡಿದು, ಕೆಳಗಿನಿಂದ ಮೃದುವಾಗಿ ಮುಖಕ್ಕೆ ಬರುತ್ತೆ. ಇದನ್ನು ತಿಳಿಯೋಕೆ ನನಗೆ ಒಂದು ಇಡೀ ಬೇಸಿಗೆ ಹಿಡಿಯಿತು.

ಈಗ ಹಿಂದಕ್ಕೆ ಹೋಗೋಣ. ಫೋಟೋಗ್ರಫಿ ಅನ್ನೋದು ಜಗತ್ತಿಗೆ ಗೊತ್ತಾದದ್ದು 1839ರಲ್ಲಿ. ಅದಾಗಿ ಬರೀ 16 ವರ್ಷಕ್ಕೆ, 1855ರಲ್ಲಿ, ಕ್ಯಾಮೆರಾ ಬಿಜಾಪುರದ ಕೋಟೆಯೊಳಗೆ ಬಂದಿತ್ತು. ತಂದವನು ಥಾಮಸ್ ಬಿಗ್ಸ್, ಬಾಂಬೆ ಆರ್ಟಿಲರಿಯ ಕ್ಯಾಪ್ಟನ್. ಅಂದ್ರೆ ಕೆಲಸ ತೋಪು ಹಾರಿಸೋದು, ಹವ್ಯಾಸ ಫೋಟೋಗ್ರಫಿ. ಹಳೆಯ ಕಟ್ಟಡಗಳ ಚಿತ್ರ ಬರೆಯೋಕೆ ಕಲಾವಿದರನ್ನು ಇಟ್ಟುಕೊಳ್ಳೋದಕ್ಕಿಂತ ಕ್ಯಾಮೆರಾ ಬೇಗ, ಅಗ್ಗ, ನಂಬಿಕೆಗೂ ಯೋಗ್ಯ ಅಂತ ಆಗ ಈಸ್ಟ್ ಇಂಡಿಯಾ ಕಂಪನಿಗೆ ಅನಿಸಿತ್ತು. ಬಿಗ್ಸ್‌ನನ್ನು ಬಾಂಬೆ ಪ್ರಾಂತ್ಯದ ಸರ್ಕಾರಿ ಫೋಟೋಗ್ರಾಫರ್ ಮಾಡಿ ಕಳಿಸಿದರು. ಬಿಜಾಪುರ, ಬಾದಾಮಿ, ಐಹೊಳೆ ಎಲ್ಲ ಸುತ್ತಿದ. ಅದೇ ವರ್ಷದ ಕೊನೆಗೆ ಅವನನ್ನು ವಾಪಸ್ ತೋಪಿನ ಕೆಲಸಕ್ಕೆ ಕರೆದರು. ಅವನ ಜಾಗಕ್ಕೆ ವಿಲಿಯಂ ಹೆನ್ರಿ ಪಿಗೌ ಅನ್ನೋ ಡಾಕ್ಟರ್ ಬಂದ. ಗನ್ನಿನವನು ಹೋದ, ಸೂಜಿಯವನು ಬಂದ!

ಬಿಜಾಪುರವೇ ಯಾಕೆ? ಸಾತಾರದ ರಾಜನಿಗೆ ಗಂಡು ಸಂತಾನ ಇಲ್ಲ ಅಂತ ಕಂಪನಿ 1848ರಲ್ಲಿ ಆ ಸಂಸ್ಥಾನವನ್ನೇ ನುಂಗಿತು. ಅದರ ಜೊತೆ ಬಿಜಾಪುರವೂ ಅವರ ಕೈಗೆ ಬಂತು. ಹೊಸದಾಗಿ ಹೊಲ ಕೊಂಡವನು ಮೊದಲು ಬದು ನೋಡ್ಕೊಂಡು ಬರ್ತಾನಲ್ಲ, ಹಾಗೆ. 1686ರಲ್ಲಿ ಔರಂಗಜೇಬ ಗೆದ್ದ ಮೇಲೆ ಪಾಳು ಬಿದ್ದಿದ್ದ ಆದಿಲ್‌ಶಾಹಿ ಶಹರ ಅದು. 44 ಮೀಟರ್ ಅಗಲದ ಗುಮ್ಮಟದ ಸುತ್ತ ಜಾಲಿ ಬೆಳೆದಿದ್ದ ಕಾಲ.

ಬಿಗ್ಸ್‌ನ ಫೋಟೋಗಳು 11 ವರ್ಷ ಆದ ಮೇಲೆ, 1866ರಲ್ಲಿ, ಲಂಡನ್ನಿನಲ್ಲಿ "ಆರ್ಕಿಟೆಕ್ಚರ್ ಅಟ್ ಬೀಜಾಪೂರ್" ಅನ್ನೋ ದೊಡ್ಡ ಪುಸ್ತಕವಾಗಿ ಬಂದವು. ಆಗ ಫೋಟೋವನ್ನು ನೇರವಾಗಿ ಪುಸ್ತಕದಲ್ಲಿ ಅಚ್ಚು ಮಾಡೋಕೆ ಬರ್ತಿರಲಿಲ್ಲ. ಕೋಳಿಮೊಟ್ಟೆಯ ಬಿಳಿ ಲೋಳೆ ಹಚ್ಚಿದ ಕಾಗದದ ಮೇಲೆ ಒಂದೊಂದೇ ಪ್ರಿಂಟ್ ಹಾಕಿ, ಪ್ರತಿ ಪುಟಕ್ಕೂ ಕೈಯಿಂದ ಅಂಟಿಸಿದ್ದಾರೆ. ಅದಕ್ಕೆ ಚರಿತ್ರೆ ಬರೆದವನು ಮೆಡೋಸ್ ಟೇಲರ್. ಸಿಂದಗಿ, ಮುದ್ದೇಬಿಹಾಳದವರಿಗೆ ಈ ಹೆಸರು ಗೊತ್ತಿರಬಹುದು, ಯಾಕಂದ್ರೆ ಇವನು ಪಕ್ಕದ ಸುರಪುರದಲ್ಲಿ ವರ್ಷಗಟ್ಟಲೆ ಇದ್ದ ಅಧಿಕಾರಿ. ಊರಿನವರು ಮಹಾದೇವ ಬಾಬಾ ಅಂತ ಕರೀತಿದ್ದರಂತೆ.

ಈ ಫೋಟೋಗಳನ್ನು ನಾನು ಮೊದಲು ನೋಡಿದ್ದು ಫೋನಿನಲ್ಲೇ, ಬಸ್ಸಿನಲ್ಲಿ ಕೂತು. ದಿನಾ ನೋಡುವ ಗೋಳಗುಮ್ಮಟವೇ, ಆದರೆ ಮೈ ಜುಮ್ಮೆಂದಿತು. ಕಲ್ಲಿನ ಒಂದೊಂದು ಸಂದು ಕಾಣುತ್ತೆ. ಆಮೇಲೆ ಏನೋ ಕೊರತೆ ಅನಿಸಿತು. ಕಾಕಾ ಕೇಳಿದ್ದ ಪ್ರಶ್ನೆಯೇ: ಮಂದಿ ಎಲ್ಲಿ? ಪಾಳು ಬಿದ್ದರೂ ಜನ ಇದ್ದ ಊರು ಅದು. ಸಂತೆ ನಡೀತಿತ್ತು, ದನ ಮೇಯ್ತಿದ್ದವು. ಫೋಟೋದಲ್ಲಿ ಮಾತ್ರ ಬೀದಿಗಳು ಖಾಲಿ. ಅಳತೆ ಗೊತ್ತಾಗಲಿ ಅಂತ ಒಬ್ಬಿಬ್ಬರನ್ನು ಗೋಡೆಯ ಪಕ್ಕ ನಿಲ್ಲಿಸೋದು ಆ ಕಾಲದ ಫೋಟೋಗ್ರಾಫರ್‌ಗಳ ರೂಢಿ. ನಿಂತವನು ಅಳತೆಗೋಲು, ಅವನ ಹೆಸರು ಯಾರೂ ಬರೆದುಕೊಳ್ಳುತ್ತಿರಲಿಲ್ಲ.

"ಬ್ರಿಟಿಷರಿಗೆ ನಮ್ಮ ಜನ ಬೇಕಿರಲಿಲ್ಲ, ಕಲ್ಲು ಬೇಕಿತ್ತು" ಅಂತ ನಾನು ಕಾಲೇಜಿನ ಅಸೈನ್‌ಮೆಂಟಿನಲ್ಲಿ ಜೋರಾಗಿ ಬರೆದೆ. ಒಳ್ಳೇ ಮಾರ್ಕ್ಸೂ ಬಂತು. ಆದರೆ ಅದು ಅರ್ಧ ಸತ್ಯ. ಉಳಿದರ್ಧ ಗೊತ್ತಾದದ್ದು ಇಂಡಿಯಲ್ಲಿ, ಒಂದು ಹಾಲಿನ ಪುಡಿ ಡಬ್ಬಿಯಿಂದ.

ಕಾಕಾನ ಹಳೆಯ ಡಾರ್ಕ್‌ರೂಮ್ ಈಗ ಫೋಟೋ ಫ್ರೇಮ್ ಇಡುವ ಕೋಣೆ. ಅಲ್ಲಿ ಅವಧಿ ಮುಗಿದ ಬ್ರೋಮೈಡ್ ಪೇಪರಿನ ಒಂದು ಡಬ್ಬಿ ಸಿಕ್ಕಿತು. ನಾನು ಹಾಲಿನ ಪುಡಿ ಡಬ್ಬಿಗೆ ಒಳಗೆ ಕಪ್ಪು ಬಣ್ಣ ಬಳಿದೆ. ತಂಪು ಪಾನೀಯದ ಕ್ಯಾನಿನ ತಗಡಿಗೆ ಸೂಜಿಯಿಂದ ತೂತು ಮಾಡಿ ಅದಕ್ಕೆ ಅಂಟಿಸಿದೆ. ಲೆನ್ಸ್ ಇಲ್ಲ, ಬಟನ್ ಇಲ್ಲ. ಒಳಗೆ ಒಂದೇ ಹಾಳೆ, ಒಂದೇ ಚಾನ್ಸ್. ಇಂಡಿ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಡಬ್ಬಿ ಇಟ್ಟು, ಟೇಪ್ ತೆಗೆದು, ಮನಸ್ಸಿನಲ್ಲೇ ಐವತ್ತು ಎಣಿಸಿದೆ. ಅಷ್ಟರಲ್ಲಿ ಎರಡು ಬಸ್ ಬಂದು ಹೋದವು. ಜನ ನುಗ್ಗಿದರು, ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದರು. ಒಬ್ಬ ಹುಡುಗ ಬಂದು, "ಅಕ್ಕಾ, ಡಬ್ಬ್ಯಾಗ ಏನೈತಿ?" ಅಂತ ಕೇಳಿ ಎದುರಿಗೇ ನಿಂತು ಹೋದ. ಡಬ್ಬಿ ಮುಚ್ಚಿಕೊಂಡು ಸಿಂದಗಿಗೆ ಬಂದೆ. ಕೆಂಪು ಬಲ್ಬಿನ ಬೆಳಕಲ್ಲಿ ಡೆವಲಪರ್‌ಗೆ ಹಾಕಿದೆವು. ನಿಧಾನವಾಗಿ ಬಸ್ ಸ್ಟ್ಯಾಂಡ್ ಮೂಡಿತು. ಕಂಬ, ಬೋರ್ಡು, ಕಟ್ಟೆ. ಒಬ್ಬ ಮನುಷ್ಯನೂ ಇಲ್ಲ. ಎರಡು ಬಸ್ಸೂ ಇಲ್ಲ!

ಅಲ್ಲ, ಒಬ್ಬರಿದ್ದರು. ಮೂಲೆಯಲ್ಲಿ ನಿಂಬೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಆಯಿ. ಗಿರಾಕಿ ಇರಲಿಲ್ಲ, ಹಾಗಾಗಿ ಅಲುಗಾಡದೆ ಕೂತಿದ್ದಳು. ಆಕೆ ಮಾತ್ರ ಉಳಿದಿದ್ದಳು, ಬುಟ್ಟಿ ಸಮೇತ.

ಬಿಗ್ಸ್ ಬಳಸಿದ್ದೂ ಕಾಗದದ ನೆಗೆಟಿವ್. ಬೆಳ್ಳಿಯ ಲವಣ ಹಚ್ಚಿದ ಕಾಗದವನ್ನು ಕ್ಯಾಮೆರಾದೊಳಗೆ ಇಟ್ಟು ನಿಮಿಷಗಟ್ಟಲೆ ಬೆಳಕು ಬಿಡಬೇಕು. ಅಷ್ಟು ಹೊತ್ತು ಅಲ್ಲಾಡದೇ ಇರೋದು ಕಲ್ಲು ಮಾತ್ರ. ನಡೆದು ಹೋದವನು, ಸಂತೆಗೆ ಹೊರಟವಳು, ದನ ಹೊಡೆದುಕೊಂಡು ಬಂದ ಹುಡುಗ ಎಲ್ಲರೂ ಆ ಕ್ಯಾಮೆರಾ ಮುಂದೆ ಹಾದು ಹೋಗಿರಬಹುದು. ಕಾಗದ ಅವರನ್ನು ಹಿಡಿಯಲಿಲ್ಲ. ಅಂದ್ರೆ ಆ ಖಾಲಿ ಬೀದಿ ನಿಜವಾಗಿ ಖಾಲಿ ಅಲ್ಲ. ಇದು ಗೊತ್ತಾದ ಮೇಲೆ ಆ ಫೋಟೋಗಳನ್ನು ಮತ್ತೆ ದೊಡ್ಡದು ಮಾಡಿ ಮೂಲೆ ಮೂಲೆ ನೋಡೋಕೆ ಶುರು ಮಾಡಿದೆ. ಫೋಟೋ ತೆಗೆಯೋದಕ್ಕಿಂತ ಮೊದಲು ನೋಡೋದು ಕಲಿತದ್ದು ಆಗಲೇ ಅಂತ ಅನಿಸುತ್ತೆ.

ಕಲಿಯೋ ವಿಷಯ ಬಂತಲ್ಲ, ನನಗೆ ತುಂಬ ಇಷ್ಟವಾದ ಒಂದು ಸಂಗತಿ ಹೇಳ್ತೀನಿ. ಬಿಗ್ಸ್ ಬಿಜಾಪುರದಲ್ಲಿದ್ದ ಅದೇ 1855ರಲ್ಲಿ, ನಮ್ಮ ಪ್ರಾಂತ್ಯದ ರಾಜಧಾನಿಯಾಗಿದ್ದ ಮುಂಬೈನ ಎಲ್ಫಿನ್‌ಸ್ಟನ್ ಇನ್‌ಸ್ಟಿಟ್ಯೂಷನ್‌ನಲ್ಲಿ ಫೋಟೋಗ್ರಫಿ ಕ್ಲಾಸ್ ಶುರುವಾಯಿತು. ಅಂದ್ರೆ ಭಾರತೀಯ ಹುಡುಗರು ಆಗಲೇ ಫೋಟೋಗ್ರಫಿ ವಿದ್ಯಾರ್ಥಿಗಳು! ಅಲ್ಲಿ ಕಲಿತವರಲ್ಲಿ ಒಬ್ಬರು ಹರಿಶ್ಚಂದ್ರ ಚಿಂತಾಮಣ. ಮುಂದೆ ಸ್ವಂತ ಸ್ಟುಡಿಯೋ ಇಟ್ಟರು, ಇವರ ಚಿತ್ರಗಳು 1867ರ ಪ್ಯಾರಿಸ್ ಪ್ರದರ್ಶನದವರೆಗೂ ಹೋದವು. ಅದಕ್ಕಿಂತ ಒಂದು ವರ್ಷ ಮೊದಲೇ, 1854ರಲ್ಲಿ, ಬಾಂಬೆ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತ್ತು. ಅದರಲ್ಲಿ ಭಾವು ದಾಜಿ, ನಾರಾಯಣ ದಾಜಿ ಅನ್ನೋ ಡಾಕ್ಟರ್ ಅಣ್ಣ ತಮ್ಮಂದಿರೂ ಇದ್ದರು. ಈ ಹುಡುಗರು ಕ್ಯಾಮೆರಾ ತಿರುಗಿಸಿದ್ದು ಹೆಚ್ಚಾಗಿ ಮುಖಗಳ ಕಡೆಗೆ. ಸ್ಟುಡಿಯೋಕ್ಕೆ ಬಂದು ಕೂತು, ದುಡ್ಡು ಕೊಟ್ಟು, ತಮ್ಮ ಚಿತ್ರ ತಾವೇ ಮನೆಗೆ ಒಯ್ಯುವ ಮುಖಗಳು.

ಅಲ್ಲಿಂದ ಇಂಡಿ, ಸಿಂದಗಿಗೆ ಆ ಮುಖ ಬರೋಕೆ ಬಹಳ ಕಾಲ ಬೇಕಾಯಿತು. ನಡುವೆ ಒಂದು ಭಯಂಕರ ಅಧ್ಯಾಯ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ಆಗ ಕಲಾದಗಿ ಜಿಲ್ಲೆಯಲ್ಲಿದ್ದವು. 1876ರಿಂದ 78ರ ಬರಗಾಲ ಬಡಿಯಿತು. 1872ರಲ್ಲಿ 8 ಲಕ್ಷಕ್ಕೂ ಹೆಚ್ಚಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿಯಿತು. ಸತ್ತವರು, ಗುಳೆ ಹೋದವರು ಎಲ್ಲ ಸೇರಿ. ಅದೇ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ವಿಲ್ಲೋಬಿ ವ್ಯಾಲೇಸ್ ಹೂಪರ್ ಅನ್ನೋ ಸೈನ್ಯಾಧಿಕಾರಿ ಹಸಿದವರನ್ನು ಸಾಲಾಗಿ ಕೂರಿಸಿ ಫೋಟೋ ತೆಗೆದ. ಎಲುಬು ಎಣಿಸಬಹುದಾದ ಮೈಗಳು. ಆ ಚಿತ್ರ ನೋಡಿದ ರಾತ್ರಿ ನನಗೆ ಊಟ ಸೇರಲಿಲ್ಲ. ಅವರು ಅಲುಗಾಡದೇ ಕೂತಿದ್ದಾರೆ, ಫೋಟೋ ಬಹಳ ಸ್ಪಷ್ಟವಾಗಿ ಬಂದಿದೆ. ಅವರಿಗೆ ಏಳೋಕೆ ಶಕ್ತಿ ಇರಲಿಲ್ಲ. ಇದೇ ಹೂಪರ್ ಮುಂದೆ ಬರ್ಮಾದಲ್ಲಿ ಮರಣದಂಡನೆಯ ಕ್ಷಣವನ್ನು ಫೋಟೋ ತೆಗೆಯೋಕೆ ಹೋಗಿ ದೊಡ್ಡ ಗಲಾಟೆಗೆ ಕಾರಣನಾದ. ಕೈಚಳಕ ಇದ್ದವನೇ, ಅನುಮಾನ ಇಲ್ಲ.

ಇದಕ್ಕೆ ಎದುರಾಗಿ ನಾನು ಯಾವಾಗಲೂ ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಇಟ್ಟು ನೋಡ್ತೀನಿ. 1923ರಲ್ಲಿ ಹುಟ್ಟಿದವರು, ಮಹಾರಾಜಾ ಕಾಲೇಜಿನಲ್ಲಿ ಓದಿದವರು. ಅವರ ಫೋಟೋದಲ್ಲಿ ಬಡ ಮಕ್ಕಳಿದ್ದಾರೆ, ಆದರೆ ಆ ಮಕ್ಕಳು ಆಡ್ತಿದ್ದಾರೆ, ನಗ್ತಿದ್ದಾರೆ, ಕೆಲವೊಮ್ಮೆ ಸತ್ಯನ್‌ರನ್ನೇ ಗದರಿಸೋ ಹಾಗೆ ನೋಡ್ತಿದ್ದಾರೆ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಆ ಚಿತ್ರಗಳ ಪ್ರದರ್ಶನ ನ್ಯೂಯಾರ್ಕ್‌ನ ವಿಶ್ವಸಂಸ್ಥೆ ಕಚೇರಿಯಲ್ಲಿ ನಡೆಯಿತು. ಮೊದಲ ಸಲ ಅವುಗಳನ್ನು ನೋಡಿದಾಗ, ಇವರು ಮಕ್ಕಳ ಎತ್ತರಕ್ಕೆ ಬಗ್ಗಿ ಕೂತು ತೆಗೆದಿದ್ದಾರೆ ಅನ್ನೋದು ಗೊತ್ತಾಯಿತು. ಮಾರನೇ ದಿನದಿಂದ ನನ್ನ ಮೊಣಕಾಲಿಗೆ ಮಣ್ಣು ಹತ್ತೋಕೆ ಶುರುವಾಯಿತು.

ನನ್ನ ಮೊದಲ ಸ್ವಂತ ಮದುವೆ ಆರ್ಡರ್ ಮುದ್ದೇಬಿಹಾಳದಲ್ಲಿ. ಕಾಕಾನ ಮಗ ಹುಷಾರಿಲ್ಲ ಅಂತ ನನ್ನನ್ನು ಕಳಿಸಿದರು. ಹುಡುಗಿ ಫೋಟೋಗ್ರಾಫರ್ ಅಂತ ಗಂಡಿನ ಕಡೆಯವರು ಗೊಣಗಿದರು, ಹೆಣ್ಣಿನ ಕಡೆಯವರು ಅಡುಗೆಮನೆಯೊಳಗೇ ಬಿಟ್ಟುಕೊಂಡರು. ಗಂಡು ಫೋಟೋಗ್ರಾಫರ್‌ಗೆ ಅಲ್ಲಿ ಪ್ರವೇಶ ಇಲ್ಲ. ಒಲೆಯ ಬೆಳಕಿನಲ್ಲಿ ಹೋಳಿಗೆ ಲಟ್ಟಿಸುತ್ತಿದ್ದವರ ಕೈ, ಹಿಟ್ಟಿನ ಧೂಳು, ಮೂಲೆಯಲ್ಲಿ ಒಬ್ಬಳೇ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ ಹಿರಿಯಾಕೆ. ಸ್ಟೇಜಿನ ಫೋಟೋದಲ್ಲಿ ಅರ್ಧ ಹಾಳಾದವು, ನಿಜ ಹೇಳಬೇಕಲ್ಲ. ಎಲ್‌ಇಡಿ ದೀಪಕ್ಕೆ ಶಟರ್ ಹೊಂದಿಸದೇ ಎಲ್ಲದರಲ್ಲೂ ಪಟ್ಟೆ ಪಟ್ಟೆ. ಬೈಗುಳ ತಿಂದೆ. ಅಡುಗೆಮನೆಯ ಫೋಟೋ ಮಾತ್ರ ಮದುಮಗಳು ಫ್ರೇಮ್ ಹಾಕಿಸಿದಳು.

ವಾಪಸ್ ಬಂದು ಕಾಕಾನಿಗೆ ಅದನ್ನು ತೋರಿಸಿದಾಗ ಬಹಳ ಹೊತ್ತು ನೋಡಿದರು. ಆಮೇಲೆ ಯಾಕೋ, "ನಿಮ್ಮ ಅಪ್ಪನ ಮದವಿ ಫೋಟೋ ತಗದವ ನಾನs" ಅಂದರು. ನನಗೆ ಗೊತ್ತೇ ಇರಲಿಲ್ಲ! ಗಂಡಿನ ಕಡೆಯವರು ಸಿಂದಗಿಯಿಂದ ಕರೆದುಕೊಂಡು ಹೋಗಿದ್ದರಂತೆ. ಕಲರ್ ಆಗಲೇ ಬಂದಿತ್ತು, ಆದರೆ ರೊಕ್ಕ ಜಾಸ್ತಿ ಅಂತ ಕಪ್ಪು ಬಿಳುಪು.

ನೆಗೆಟಿವ್ ಇದೆಯಾ ಅಂತ ಕೇಳಿದೆ. ಹಳೆಯ ನೆಗೆಟಿವ್‌ಗಳನ್ನು ಬಹಳಷ್ಟು ಸ್ಟುಡಿಯೋಗಳು ಎಸೆದಿವೆ, ಕೆಲವರು ಬೆಳ್ಳಿ ತೆಗೆಯೋರಿಗೆ ತೂಕಕ್ಕೆ ಮಾರಿದ್ದಾರೆ. ಕಾಕಾ ಬಿಸ್ಕಿಟ್ ಡಬ್ಬಿಗಳಲ್ಲಿ ತುಂಬಿ ಅಟ್ಟದ ಮೇಲಿಟ್ಟಿದ್ದರು. ನಾಲ್ಕು ದಿನ ಹುಡುಕಿದೆ. ಇರುವೆ, ಗೆದ್ದಲು, ಒಂದಕ್ಕೊಂದು ಅಂಟಿದ ಫಿಲ್ಮು. ಐದನೇ ದಿನ ಸಿಕ್ಕಿತು. ಕಾಗದದ ಕವರ್ ಮೇಲೆ ಅಪ್ಪನ ಹೆಸರು.

ಇಲ್ಲಿ ಒಂದು ಸಣ್ಣ ತಾಂತ್ರಿಕ ವಿಷಯ. ಕಾಕಾನ ಯಾಶಿಕಾ ಕ್ಯಾಮೆರಾದ ನೆಗೆಟಿವ್ ಚೌಕ, 6 ಸೆಂಟಿಮೀಟರ್ ಉದ್ದ, 6 ಅಗಲ. ಮನೆಯಲ್ಲಿದ್ದ ಪ್ರಿಂಟ್ ನಿಂತ ಆಯತ. ಅಂದ್ರೆ ಪ್ರಿಂಟ್ ಹಾಕುವಾಗ ಎರಡೂ ಪಕ್ಕ ಕತ್ತರಿಸಿದ್ದಾರೆ. ಕವರಿನ ಮೇಲೆ ಒಂದು ಚೌಕ ಬರೆದು, ಅದರೊಳಗೆ ಪೆನ್ಸಿಲ್‌ನಿಂದ ಎರಡು ಗೆರೆ ಎಳೆದಿತ್ತು.

ನೆಗೆಟಿವ್‌ನ ಫೋಟೋ ತೆಗೆದು ಫೋನಿನಲ್ಲಿ ಬಣ್ಣ ತಿರುಗಿಸಿದೆ. ಪೂರ್ತಿ ಬಾಗಿಲು ಬಂತು. ಕೆತ್ತನೆಯ ಚೌಕಟ್ಟು, ಮಾವಿನ ತೋರಣ, ಹೊಸ್ತಿಲು, ಪಕ್ಕದಲ್ಲಿ ಕಟ್ಟೆ. ಹೊಸ್ತಿಲ ಒಳಗೆ, ಗೆರೆಯ ಆಚೆ, ಒಬ್ಬ ಹೆಂಗಸು ನಿಂತಿದ್ದಳು. ತಲೆ ತುಂಬ ಸೆರಗು. ಒಳಗೆ ಹೋಗೋಕೆ ತಿರುಗಿದ್ದಳೋ ಏನೋ, ಮುಖ ಅಲುಗಾಡಿ ಮಸುಕಾಗಿತ್ತು. ಚೌಕಟ್ಟು ಹಿಡಿದ ಕೈ ಮಾತ್ರ ಸ್ಪಷ್ಟ. ಬಳೆ ಇಲ್ಲ.

ನಮ್ಮ ಅವ್ವನ ಅವ್ವ. ನಾನು ಹುಟ್ಟೋಕೆ ಮೊದಲೇ ತೀರಿಕೊಂಡ ಆಯಿ. ಆಕೆಯ ಒಂದೂ ಫೋಟೋ ಇಲ್ಲ ಅಂತಲೇ ನಾವೆಲ್ಲ ತಿಳಿದಿದ್ದೆವು. ಮಗಳ ಮದುವೆಯಲ್ಲಿ ಗಂಡ ಸತ್ತ ತಾಯಿ ಎದುರಿಗೆ ಬರಬಾರದು, ಅದು ಆಗಿನ ರೂಢಿ. ಈಗ ಹೋಗಿದೆ ಅಂತ ಹೇಳೋ ಧೈರ್ಯ ನನಗಿಲ್ಲ. ಗೆರೆ ಎಳೆದದ್ದು ಯಾರು ಹೇಳಿ ಅಂತ ಕಾಕಾನನ್ನು ಕೇಳಿದೆ. "ಯಾರೂ ಹೇಳಬೇಕಾಗಿರಲಿಲ್ಲವಾ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಎಷ್ಟು ಗೆರಿ ಹೊಡದೀನೋ ಹಂಗ" ಅಂತ ಹೇಳಿ ಚಹಾ ತರಿಸಿದರು.

ದೊಡ್ಡ ಪ್ರಿಂಟ್ ಹಾಕಿಸಿ ಮನೆಗೆ ತಂದೆ. ಅವ್ವ ಅಳ್ತಾಳೆ ಅಂತ ಅಂದುಕೊಂಡಿದ್ದೆ. ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಹಿಡಿದು ನೋಡಿದಳು. ಮುಖ ನೋಡಲಿಲ್ಲ, ಕೈ ನೋಡಿದಳು. "ಆ ಚೌಕಟ್ಟು ಅಲ್ಲೇ ಒಂಚೂರು ಸವದಿತ್ತು. ದಿನಾ ಅಲ್ಲೇ ಹಿಡದು ನಿಂತು ನಮ್ಮ ದಾರಿ ನೋಡ್ತಿದ್ಲು" ಅಂದಳು. ಆಮೇಲೆ ತೋರಣ ಕಟ್ಟಿದ್ದು ಯಾರು, ಕಟ್ಟೆಯ ಮೇಲೆ ಯಾರ ಚಪ್ಪಲಿ, ಹಗೇವು ಎಲ್ಲಿತ್ತು, ಹಿತ್ತಲಿನ ಬೇವಿನ ಮರ ಯಾವ ಕಡೆ ಅಂತ ಶುರುಮಾಡಿದಳು. ರಾತ್ರಿ ಹನ್ನೊಂದರವರೆಗೆ ಮಾತು. ನಾನು ರೆಕಾರ್ಡ್ ಆನ್ ಮಾಡಿ ಇಟ್ಟೆ. ಈ ಪಾಡ್‌ಕಾಸ್ಟ್ ಶುರುವಾದದ್ದೇ ಆ ರೆಕಾರ್ಡಿಂಗ್‌ನಿಂದ.

ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಒಪ್ಪಿದೆ. ಅದು ಜಾರಿಗೆ ಬಂದರೆ ಇನ್ನಷ್ಟು ಊರು, ಇನ್ನಷ್ಟು ಬಾಗಿಲು ಹೋಗುತ್ತವೆ. ನೀರು ಬೇಕು, ಒಣ ಹೊಲಕ್ಕೆ ಕಾಲುವೆ ಬೇಕು. ಇಂಡಿ ಕಡೆಯವರನ್ನು ಕೇಳಿದರೆ ನಾಳೆಯೇ ಏರಿಸಿ ಅಂತಾರೆ, ನಾನೂ ಅದನ್ನು ಬೇಡ ಅನ್ನೋಲ್ಲ. ಆದರೆ ಈಗ ಪ್ರತಿ ಭಾನುವಾರ ಬೆಳಗ್ಗೆ ಬಸ್ ಹಿಡಿದು ನದಿ ದಂಡೆಯ ಊರುಗಳಿಗೆ ಹೋಗ್ತೀನಿ. ಹೋದ ವಾರ ಒಂದು ಮನೆಯಲ್ಲಿ ಎಲ್ಲರೂ ಅಂಗಳದಲ್ಲಿ ಚಂದಗೆ ಸಾಲಾಗಿ ನಿಂತರು, ಗಂಡಸರು ಮುಂದೆ. ಕ್ಯಾಮೆರಾ ಹೊಂದಿಸುವಾಗ ಬಾಗಿಲ ಹತ್ತಿರ ಏನೋ ಸರಿದ ಹಾಗಾಯಿತು. ಕ್ಯಾಮೆರಾ ಕೆಳಗಿಟ್ಟು, "ಆಯಿ, ನೀವೂ ಬರ್ರಿ" ಅಂದೆ. "ನನ್ನದ್ಯಾಕ ತಗೋ ಯವ್ವಾ" ಅಂದರು. ಬರಲಿಲ್ಲ. ನಾನೇ ಎದ್ದು ಹೊಸ್ತಿಲ ಹತ್ತಿರ ಹೋಗಿ, ಅವರ ಪಕ್ಕದಲ್ಲಿ ಕೂತೆ. ಅಲ್ಲಿಂದ ಅಂಗಳದ ಬೆಳಕು ಬಹಳ ಚೆನ್ನಾಗಿ ಬರುತ್ತಿತ್ತು.